ವಾಣಿಜ್ಯ ಜಾಲತಾಣಗಳೂ ಅಂಗವಿಕಲರ ಪ್ರವೇಶಾಧಿಕಾರವೂ: ಒಂದು ಚಾರಿತ್ರಿಕ ಸಮೀಕ್ಷೆ

1

‘ಶಾಸನ’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿರುವುದು ಸುವಿದಿತವಾಗಿದೆ. ಕಲ್ಲಿನ ಮೇಲೆಯೋ ತಾಮ್ರಪಟದ ಮೇಲೆಯೋ ಕೊರೆದ ಬರಹವೂ ಶಾಸನ. ವಿಧಾನಮಂಡಲ ಅಂಗೀಕರಿಸಿದ ಕಾಯಿದೆಯೂ ಶಾಸನ. ಮೊದಲನೆಯದನ್ನು ಓದುವಾಗ ಚರಿತ್ರೆಯ ವಿದ್ಯಾರ್ಥಿ ಅನುಸರಿಸುವ ಕ್ರಮ ಎರಡನೆಯದಕ್ಕೂ ಸಲ್ಲತಕ್ಕುದಾಗಿದೆ. ಬರೆದ ಕಾಲ ಯಾವುದು, ಬರೆದವರ ಕಣ್ಣೆದುರಿಗಿದ್ದ ಲೋಕ ಎಂಥದು, ಅಂದಿನ ಒಂದು ಪದದೊಳಗೆ ಅನಂತರ ಹುಟ್ಟಿದ ವಸ್ತುವೊಂದು ಅಡಕವಾಗಬಲ್ಲುದೇ ಎಂಬ ಪ್ರಶ್ನೆಗಳನ್ನು ಹಾಕಿಕೊಳ್ಳದೆ ಎರಡರ ಅರ್ಥವನ್ನೂ ನಿಶ್ಚಯಿಸುವುದು ಸಾಧ್ಯವಿಲ್ಲ.

ಪ್ರಕೃತ ಲೇಖನದ ವಿಷಯ ತೀರ ಈಚಿನದು. ವ್ಯಾಪಾರ ಸಂಸ್ಥೆಗಳು ಅಂತರಜಾಲದಲ್ಲಿ ತೆರೆದಿರುವ ಜಾಲತಾಣಗಳು ಅಂಗವಿಕಲರಿಗೂ ಎಟುಕುವಂತಿರಬೇಕೆಂಬ ನಿಯಮ ರೂಪುಗೊಂಡ ಬಗೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯ, ಭಾರತ ಈ ಮೂರು ದೇಶಗಳ ಉದಾಹರಣೆಗಳಿಂದ ಇಲ್ಲಿ ಪರಿಶೀಲಿಸಲಾಗಿದೆ. ಯಂತ್ರಜ್ಞಾನದ ಕೊರತೆಯಿಂದಲೇ ಈ ತೊಡಕು ಹುಟ್ಟಿತೆಂಬ ಭಾವನೆ ಸಾಮಾನ್ಯವಾಗಿ ಉಂಟು. ಆಧಾರಗಳನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಪರಿಹಾರೋಪಾಯಗಳು ಬಹುಮಟ್ಟಿಗೆ ಮೊದಲಿನಿಂದಲೂ ತಿಳಿದೇ ಇದ್ದುವು. ಕಾಯಿದೆಯು ಯಾವ ಪದವನ್ನು ಆಯ್ದುಕೊಂಡಿತು, ಆ ಪದದೊಡನೆ ಅಳೆದು ನೋಡಬಹುದಾದ ಮಟ್ಟವೊಂದನ್ನು ಗೊತ್ತುಮಾಡಿತೇ ಇಲ್ಲವೇ ಎಂಬ ಎರಡು ಸಂಗತಿಗಳೇ ಫಲವನ್ನು ನಿರ್ಣಯಿಸಿದುವು ಎಂಬುದು ಈ ಲೇಖಕನ ಅಭಿಪ್ರಾಯ.

2

ಮೊದಲು ತೊಡಕಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ಕಣ್ಣು ಕಾಣದವರು ಗಣಕಯಂತ್ರವನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಅದು ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿ ನುಡಿಯುತ್ತದೆ, ಅಥವಾ ಬೆರಳಿಗೆ ತಾಗುವ ಬ್ರೈಲ್ ಚುಕ್ಕೆಗಳಾಗಿ ಎತ್ತಿ ತೋರಿಸುತ್ತದೆ. ಬರಹವನ್ನು ಅದು ಓದಬಲ್ಲುದು, ಚಿತ್ರವನ್ನು ಓದಲಾರದು. ಆದುದರಿಂದ ಜಾಲತಾಣವನ್ನು ರಚಿಸುವವರು ಪ್ರತಿಯೊಂದು ಚಿತ್ರದ ಹಿಂದೆಯೂ ಅದು ಏನೆಂಬುದನ್ನು ಹೇಳುವ ಬದಲಿ ಬರಹವೊಂದನ್ನು ಸೇರಿಸಬೇಕಾಗುತ್ತದೆ. ‘ಕೊಳ್ಳಿರಿ’ ಎಂಬ ಗುಂಡಿ ಬರಿಯ ಚಿತ್ರವಾಗಿದ್ದು ಅದಕ್ಕೆ ಬದಲಿ ಬರಹವಿಲ್ಲದಿದ್ದರೆ ಅಂಧ ಗ್ರಾಹಕನಿಗೆ ಆ ಗುಂಡಿ ಇದ್ದೂ ಇಲ್ಲದಂತೆಯೇ. ಹೆಸರು, ವಿಳಾಸಗಳನ್ನು ತುಂಬುವ ಖಾಲಿ ಚೌಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೈ ಸ್ವಾಧೀನವಿಲ್ಲದವರಿಗೆ ಮೌಸ್ ಹಿಡಿಯದೆ ಕೀಲಿಮಣೆಯಿಂದಲೇ ಎಲ್ಲವನ್ನೂ ಮಾಡುವ ಅನುಕೂಲ ಬೇಕು. ಕಿವಿ ಕೇಳದವರಿಗೆ ಚಲಚ್ಚಿತ್ರದ ಮಾತುಗಳು ಬರಹದಲ್ಲಿ ಬೇಕು. ಮಂದದೃಷ್ಟಿಯವರಿಗೆ ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಸಾಕಷ್ಟು ಅಂತರವಿರಬೇಕು.

ಇಲ್ಲಿ ಗಮನಿಸತಕ್ಕ ಚಾರಿತ್ರಿಕ ಸಂಗತಿಯೊಂದುಂಟು. ಟಿಮ್ ಬರ್ನರ್ಸ್-ಲೀ ಅವರು ಜಿನೀವದ ಬಳಿಯ ಸರ್ನ್ ಸಂಶೋಧನ ಸಂಸ್ಥೆಯಲ್ಲಿ 1989ರಲ್ಲಿ ಯೋಜಿಸಿ, 1991ರಲ್ಲಿ ಹೊರಗಿನವರಿಗೆ ಪರಿಚಯಿಸಿದ ಜಾಲವು ಪ್ರಧಾನವಾಗಿ ಅಕ್ಷರಗಳ ಜಾಲವಾಗಿದ್ದಿತು. ಬರಹವನ್ನು ನುಡಿಯುವ ಯಂತ್ರವುಳ್ಳ ಅಂಧನಿಗೆ ಅದರಲ್ಲಿ ವಿಶೇಷವಾದ ಅಡ್ಡಿಯಿರಲಿಲ್ಲ. 1993ರಲ್ಲಿ ಬಂದ ಮೊಸಾಯಿಕ್ ಎಂಬ ವೀಕ್ಷಕ ತಂತ್ರಾಂಶವು ಬರಹದ ನಡುವೆಯೇ ಚಿತ್ರಗಳನ್ನು ತೋರಿಸಲಾರಂಭಿಸಿತು. ವ್ಯಾಪಾರಗಾರರ ಗಮನ ಜಾಲದ ಕಡೆಗೆ ಹರಿದುದು ಆ ಬಳಿಕ. ಎಂದರೆ ಕೆಲವರಿಗೆ ತೆರೆದಿದ್ದ ಬಾಗಿಲು, ಅದೇ ಜಾಲ ಜನಪ್ರಿಯವಾದ ಕಾಲದಲ್ಲಿಯೇ ಮುಚ್ಚಿಕೊಳ್ಳತೊಡಗಿತು.

ಆದರೂ ಪರಿಹಾರ ತಡವಾಗಿ ಬರಲಿಲ್ಲ. ಪುಟಗಳನ್ನು ರಚಿಸುವ ಎಚ್‌ಟಿಎಮ್‌ಎಲ್ ಸಂಕೇತಭಾಷೆಯಲ್ಲಿ ಚಿತ್ರಕ್ಕೆ ಬದಲಿ ಬರಹವನ್ನು ಸೇರಿಸುವ ಏರ್ಪಾಟು 1995ರ ಆವೃತ್ತಿಯಲ್ಲಿಯೇ ಇದ್ದಿತು. 1997ರ ಡಿಸೆಂಬರಿನ ನಾಲ್ಕನೆಯ ಆವೃತ್ತಿ ಅದನ್ನು ಕಡ್ಡಾಯಗೊಳಿಸಿತು. ಜಾಲದ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯೂ3ಸಿ ಸಂಸ್ಥೆ 1999ರ ಮೇ 5ರಂದು ಜಾಲತಾಣಗಳ ಸುಗಮ್ಯತೆಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಇದರ ಎರಡನೆಯ ಆವೃತ್ತಿ 2008ರಲ್ಲಿಯೂ, ಪರಿಷ್ಕೃತ ರೂಪಗಳು 2018 ಮತ್ತು 2023ರಲ್ಲಿಯೂ ಹೊರಬಂದುವು. ತಾಣದಲ್ಲಿರುವುದನ್ನು ಗ್ರಹಿಸಲು, ನಡೆಸಲು, ಅರ್ಥಮಾಡಿಕೊಳ್ಳಲು ಆಗಬೇಕು, ಬಗೆಬಗೆಯ ಸಾಧನಗಳಲ್ಲಿ ಅದು ಕೆಡದೆ ನಿಲ್ಲಬೇಕು ಎಂಬ ನಾಲ್ಕು ತತ್ತ್ವಗಳು ಎರಡನೆಯ ಆವೃತ್ತಿಯಿಂದೀಚೆಗೆ ಅದರ ತಳಹದಿಯಾಗಿವೆ. ಹೀಗೆ ಮಾಡಬೇಕಾದುದೇನೆಂಬ ತಿಳಿವು ಶತಮಾನ ಮುಗಿಯುವ ಮೊದಲೇ ಒದಗಿದ್ದಿತು. ಅದನ್ನು ಮಾಡಲೇಬೇಕಾದವರು ಯಾರೆಂಬ ಪ್ರಶ್ನೆ ಮಾತ್ರ ಉಳಿದಿದ್ದಿತು.

3

ಅಮೆರಿಕದ ಅಂಗವಿಕಲರ ಕಾಯಿದೆಗೆ ಅಧ್ಯಕ್ಷ ಜಾರ್ಜ್ ಬುಷ್ ಅವರು 1990ರ ಜುಲೈ 26ರಂದು ಸಹಿಮಾಡಿದರು. ಅದಕ್ಕೆ ಮುಂಚಿನ 1973ರ ಪುನರ್ವಸತಿ ಕಾಯಿದೆಯ 504ನೆಯ ಕಲಮು ಸರ್ಕಾರದ ಹಣ ಪಡೆಯುವ ಸಂಸ್ಥೆಗಳನ್ನು ಮಾತ್ರ ಕಟ್ಟಿಹಾಕಿದ್ದಿತು. 1990ರ ಕಾಯಿದೆಯು ಖಾಸಗಿ ವ್ಯಾಪಾರಕ್ಕೂ ಕೈಚಾಚಿತು; ಅದರ ಹಿರಿಮೆ ಇರುವುದು ಅಲ್ಲಿಯೇ. ಆದರೆ ಅದು ಬಳಸಿದ ಪದ ‘ಸಾರ್ವಜನಿಕರಿಗೆ ತೆರೆದ ಸ್ಥಳ’. ಹೋಟೆಲು, ಊಟದ ಮನೆ, ನಾಟಕಶಾಲೆ, ಅಂಗಡಿ, ಬ್ಯಾಂಕು ಮುಂತಾದ ಹನ್ನೆರಡು ವರ್ಗಗಳನ್ನು ಅದು ಪಟ್ಟಿಮಾಡಿತು. ಸಾಮಾನ್ಯ ಜನರು ಜಾಲದ ಹೆಸರನ್ನೇ ಕೇಳಿರದ ಕಾಲದಲ್ಲಿ ಪಟ್ಟಿ ಬರೆದವರ ಕಣ್ಣೆದುರಿಗಿದ್ದುದು ಮೆಟ್ಟಿಲು, ಬಾಗಿಲು, ಗಾಲಿಕುರ್ಚಿ ಹೋಗಲಾರದ ಇಕ್ಕಟ್ಟಾದ ಹಾದಿ. ಅದಕ್ಕಾಗಿ ಅವರನ್ನು ದೂಷಿಸುವಂತಿಲ್ಲ. ಆದರೆ ಆ ಪದವನ್ನು ಹಿಡಿದು ಮೂವತ್ತು ವರ್ಷಗಳ ವ್ಯಾಜ್ಯ ಬೆಳೆಯಿತು.

2002ರಲ್ಲಿ ಸೌತ್‌ವೆಸ್ಟ್ ವಿಮಾನ ಸಂಸ್ಥೆಯ ಜಾಲತಾಣವನ್ನು ಕುರಿತ ಮೊಕದ್ದಮೆಯಲ್ಲಿ ಫ್ಲಾರಿಡದ ಸಂಯುಕ್ತ ಜಿಲ್ಲಾ ನ್ಯಾಯಾಲಯವು, ಕಾಯಿದೆ ಹೇಳುವುದು ಭೌತಿಕವಾದ ಸ್ಥಳಗಳನ್ನೇ ಹೊರತು ಜಾಲತಾಣವನ್ನಲ್ಲವೆಂದು ತೀರ್ಮಾನಿಸಿತು. ಟಿಕೆಟು ಕೊಳ್ಳಲಾರದ ಅಂಧ ಪ್ರಯಾಣಿಕನ ಅಹವಾಲು ಅಲ್ಲಿಗೆ ಬಿದ್ದುಹೋಯಿತು.

ನಾಲ್ಕು ವರ್ಷಗಳ ಮೇಲೆ ಕ್ಯಾಲಿಫೋರ್ನಿಯದಲ್ಲಿ ಬೇರೊಂದು ವ್ಯಾಖ್ಯಾನ ಹುಟ್ಟಿತು. ಟಾರ್ಗೆಟ್ ಎಂಬ ದೊಡ್ಡ ಅಂಗಡಿಗಳ ಸಂಸ್ಥೆಯ ಮೇಲೆ ಅಂಧರ ರಾಷ್ಟ್ರೀಯ ಒಕ್ಕೂಟವೂ ಒಬ್ಬ ಅಂಧ ವಿದ್ಯಾರ್ಥಿಯೂ 2006ರಲ್ಲಿ ದಾವೆ ಹೂಡಿದರು. ಆ ತಾಣದ ಚಿತ್ರಗಳಿಗೆ ಬದಲಿ ಬರಹವಿರಲಿಲ್ಲ. ಮೌಸ್ ಇಲ್ಲದೆ ಖರೀದಿಯನ್ನು ಮುಗಿಸುವಂತಿರಲಿಲ್ಲ ಎಂಬುದು ಅವರ ದೂರು. ಅಂಧರು ಅಂಗಡಿಗೇ ಬರಬಹುದಲ್ಲ ಎಂಬುದು ಪ್ರತಿವಾದದ ತಿರುಳು. ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಅವರು ಈ ವಾದವನ್ನು ಸ್ವೀಕರಿಸಲಿಲ್ಲ. ಅವರ ವಿವರಣೆಯನ್ನು ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ವಿಭಕ್ತಿಯೊಂದರ ಮೇಲೆ ನಿಂತಿದೆ. ಕಾಯಿದೆ ಹೇಳುವುದು ‘ಸ್ಥಳದ’ ಸೇವೆಗಳನ್ನು, ‘ಸ್ಥಳದಲ್ಲಿ’ ನಡೆಯುವ ಸೇವೆಗಳನ್ನು ಮಾತ್ರವಲ್ಲ. ಷಷ್ಠಿಯಿರುವಲ್ಲಿ ಸಪ್ತಮಿಯನ್ನು ಓದುವುದು ತಪ್ಪು. ಅಂಗಡಿಯ ವ್ಯವಹಾರದೊಡನೆ ಸಂಬಂಧವುಳ್ಳ ಮಟ್ಟಿಗೆ ಜಾಲತಾಣವು ಆ ಅಂಗಡಿಯ ಸೇವೆಯೇ ಆಗುತ್ತದೆ. ಆ ಸಂಬಂಧವಿಲ್ಲದ ಭಾಗಕ್ಕೆ ಮಾತ್ರ ಕಾಯಿದೆ ತಾಗದೆಂದು ಅವರು ಮಿತಿಯನ್ನೂ ಹಾಕಿದರು. 2008ರ ಆಗಸ್ಟಿನಲ್ಲಿ ರಾಜಿಯಾಗಿ, ಸಂಸ್ಥೆಯು ತಾಣವನ್ನು ಸರಿಪಡಿಸಲೂ 60 ಲಕ್ಷ ಡಾಲರುಗಳ ಪರಿಹಾರನಿಧಿಯನ್ನು ಇಡಲೂ ಒಪ್ಪಿತು.

ಹಾಗಾದರೆ ಅಂಗಡಿಯೇ ಇಲ್ಲದೆ ಜಾಲದಲ್ಲಿಯೇ ನಡೆಯುವ ವ್ಯಾಪಾರದ ಗತಿಯೇನು? ನೆಟ್‌ಫ್ಲಿಕ್ಸ್ ಸಂಸ್ಥೆಯ ಮೇಲೆ ಕಿವುಡರ ಸಂಘವು ಹೂಡಿದ ದಾವೆಯಲ್ಲಿ 2012ರಲ್ಲಿ ಮ್ಯಾಸಚೂಸೆಟ್ಸ್‌ನ ಜಿಲ್ಲಾ ನ್ಯಾಯಾಲಯವು ಅದಕ್ಕೂ ಕಾಯಿದೆ ಅನ್ವಯಿಸಬಹುದೆಂದಿತು. ಅದರ ಫಲವಾಗಿ ಚಲಚ್ಚಿತ್ರಗಳಿಗೆಲ್ಲ ಅಡಿಬರಹಗಳು ಬಂದುವು. ಡಾಮಿನೋಸ್ ಪಿಜ್ಜಾ ಸಂಸ್ಥೆಯ ತಾಣದಲ್ಲಿಯೂ ಆ್ಯಪ್‌ನಲ್ಲಿಯೂ ತಿಂಡಿಯನ್ನು ಕೇಳಿ ತರಿಸಿಕೊಳ್ಳಲಾಗದೆಂದು ಅಂಧರೊಬ್ಬರು ತಂದ ದಾವೆಯಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು 2019ರ ಜನವರಿಯಲ್ಲಿ ಷಷ್ಠೀವಿಭಕ್ತಿಯ ಪಕ್ಷವನ್ನೇ ಎತ್ತಿಹಿಡಿಯಿತು. ಸರ್ಕಾರವು ನಿಶ್ಚಿತವಾದ ಮಾನಕವನ್ನು ಪ್ರಕಟಿಸಿಲ್ಲವಾದುದರಿಂದ ತನ್ನನ್ನು ಹೊಣೆಮಾಡುವುದು ಅನ್ಯಾಯವೆಂದು ಸಂಸ್ಥೆ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ಆದರೆ 2021ರ ಏಪ್ರಿಲಿನಲ್ಲಿ ಹನ್ನೊಂದನೆಯ ವಲಯದ ನ್ಯಾಯಾಲಯವು ವಿನ್-ಡಿಕ್ಸಿ ಎಂಬ ದಿನಸಿ ಅಂಗಡಿಗಳ ವಿಷಯದಲ್ಲಿ ಮತ್ತೆ ‘ಸ್ಥಳ’ವೆಂದರೆ ಭೌತಿಕ ಸ್ಥಳವೇ ಎಂದಿತು. ಆ ತೀರ್ಪು ವರ್ಷಾಂತ್ಯದಲ್ಲಿ ರದ್ದಾದುದರಿಂದ ಪ್ರಶ್ನೆ ಬಗೆಹರಿಯದೆ ಉಳಿಯಿತು.

ಸಂಸ್ಥೆಗಳ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಅಮೆರಿಕದ ನ್ಯಾಯ ಇಲಾಖೆಯು ಜಾಲತಾಣಗಳಿಗೆ ನಿಯಮ ಮಾಡುವುದಾಗಿ 2010ರಲ್ಲಿ ಸೂಚನೆ ಹೊರಡಿಸಿ, 2017ರ ಡಿಸೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. 2024ರಲ್ಲಿ ಅದು ಮಾಡಿದ ನಿಯಮ ರಾಜ್ಯ ಸರ್ಕಾರಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಸಂಬಂಧಿಸಿದುದು. ಖಾಸಗಿ ವ್ಯಾಪಾರಕ್ಕೆ ಸಂಬಂಧಿಸಿದುದಲ್ಲ.

4

ಇದೇ ಪ್ರಶ್ನೆ ಆಸ್ಟ್ರೇಲಿಯದಲ್ಲಿ ಟಾರ್ಗೆಟ್ ದಾವೆಗೆ ಆರು ವರ್ಷಗಳ ಮೊದಲೇ ಎದ್ದು, ಬೇಗನೆ ಇತ್ಯರ್ಥವಾಯಿತು. ಅಲ್ಲಿಯ 1992ರ ಅಂಗವಿಕಲರ ತಾರತಮ್ಯ ನಿಷೇಧ ಕಾಯಿದೆಯ 24ನೆಯ ಕಲಮು ‘ಸರಕು, ಸೇವೆ ಮತ್ತು ಸೌಕರ್ಯ’ಗಳನ್ನು ಒದಗಿಸುವುದರಲ್ಲಿ ತಾರತಮ್ಯ ಕೂಡದೆನ್ನುತ್ತದೆ. ಇಲ್ಲಿ ‘ಸ್ಥಳ’ವೆಂಬುದಕ್ಕೆ ಪ್ರಾಧಾನ್ಯವಿಲ್ಲ.

ಹುಟ್ಟಿನಿಂದಲೇ ಅಂಧರಾದ ಬ್ರೂಸ್ ಮ್ಯಾಗೈರ್ ಅವರು ಸಿಡ್ನಿ ಒಲಿಂಪಿಕ್ ಕ್ರೀಡೆಗಳ ಜಾಲತಾಣವನ್ನು ಕುರಿತು 1999ರ ಜೂನಿನಲ್ಲಿ ಮಾನವ ಹಕ್ಕುಗಳ ಆಯೋಗಕ್ಕೆ ದೂರಿತ್ತರು. ಚಿತ್ರಗಳಿಗೆ ಬದಲಿ ಬರಹವಿಲ್ಲ, ಕಾರ್ಯಕ್ರಮಪಟ್ಟಿಯಿಂದ ಕ್ರೀಡೆಗಳ ಸೂಚಿಗೆ ಹೋಗಲಾಗುವುದಿಲ್ಲ, ಫಲಿತಾಂಶದ ಕೋಷ್ಟಕಗಳನ್ನು ಓದಲಾಗುವುದಿಲ್ಲ ಎಂಬ ಮೂರು ಅಂಶಗಳು ಅದರಲ್ಲಿದ್ದುವು. ತಿದ್ದುಪಡಿಗೆ ಒಬ್ಬನಿಗೆ ಒಂದು ವರ್ಷಕ್ಕೂ ಮೀರಿದ ಕೆಲಸ ಹಿಡಿಯುವುದೆಂದೂ ವೆಚ್ಚ 20 ಲಕ್ಷ ಡಾಲರುಗಳನ್ನು ದಾಟುವುದೆಂದೂ ಸಂಘಟನ ಸಮಿತಿ ಹೇಳಿತು. ದೂರುದಾರರ ಪರವಾಗಿ ಸಾಕ್ಷ್ಯ ನುಡಿದ ತಜ್ಞರು, ಅನುಭವಿಯೊಬ್ಬನೂ ಕೆಲವು ಸಹಾಯಕರೂ ಇದ್ದರೆ ಕೆಲವೇ ವಾರಗಳು ಸಾಕೆಂದರು. ಆಯೋಗವು ಎರಡನೆಯ ಸಾಕ್ಷ್ಯವನ್ನೇ ನಂಬಿತು. 2000ದ ಆಗಸ್ಟ್ 24ರಂದು ಹೊರಟ ಆಜ್ಞೆಯು ಕ್ರೀಡೆಗಳು ಆರಂಭವಾಗುವ ಸೆಪ್ಟೆಂಬರ್ 15ರೊಳಗಾಗಿ ತಾಣವನ್ನು ಸರಿಪಡಿಸಬೇಕೆಂದು ವಿಧಿಸಿತು. ಸಮಿತಿ ಅದನ್ನು ಪೂರ್ಣವಾಗಿ ಪಾಲಿಸಲಿಲ್ಲ. ನವೆಂಬರಿನಲ್ಲಿ ಮ್ಯಾಗೈರ್ ಅವರಿಗೆ 20,000 ಡಾಲರುಗಳ ಪರಿಹಾರ ದೊರೆಯಿತು. ಆದರೆ ಕ್ರೀಡೆಗಳು ಮುಗಿದುಹೋಗಿದ್ದುವು. ಅವರು ಕೇಳಿದ್ದು ಫಲಿತಾಂಶದ ಪಟ್ಟಿಯನ್ನು ಎಲ್ಲರೊಡನೆ ಎಲ್ಲರ ಹೊತ್ತಿಗೆ ಓದುವ ಅವಕಾಶವನ್ನು. ಅದನ್ನು ಹಣ ತಂದುಕೊಡಲಾರದು.

ಖರ್ಚಿನ ವಾದವನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬೇಕಾಗಿದೆ. ಕಟ್ಟುವಾಗಲೇ ಇಳಿಜಾರಿನ ಹಾದಿಯನ್ನು ಸೇರಿಸಿದರೆ ತಗಲುವ ವೆಚ್ಚ ಅಲ್ಪ. ಕಟ್ಟಿದ ಮೇಲೆ ಮೆಟ್ಟಿಲು ಒಡೆದು ಮಾಡಿದರೆ ಅಧಿಕ. ಜಾಲತಾಣಕ್ಕೂ ಇದು ಸಲ್ಲುತ್ತದೆ. ಆದುದರಿಂದ ಅಧಿಕವೆಂದು ತೋರಿದ ಖರ್ಚಿನಲ್ಲಿ ಬಹುಪಾಲು ಮೊದಲ ಉಪೇಕ್ಷೆಯ ಬೆಲೆಯೇ ಆಗಿರುತ್ತದೆ.

5

ಇನ್ನು ಭಾರತಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಅವರಿಗಾಗಿ ಆದ 1995ರ ಅಧಿನಿಯಮವು ಪ್ರವೇಶದ ವಿಷಯದಲ್ಲಿ ಮುಖ್ಯವಾಗಿ ಸರ್ಕಾರದ ಕಟ್ಟಡ, ರಸ್ತೆ, ವಾಹನಗಳನ್ನು ಕುರಿತದ್ದು. ಅಲ್ಲಿಯೂ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತಿದ್ದಿತು. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯು ಅಂತರಜಾಲವನ್ನು ಹೆಸರಿಟ್ಟು ಹೇಳಿತು. ಸಾರ್ವಜನಿಕರಿಗೆ ಸೇವೆ ನೀಡುವ ಖಾಸಗಿ ಸಂಸ್ಥೆಗಳನ್ನೂ ಸೇರಿಸಿತು. ಭಾರತವು ಅದನ್ನು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು.

ಇದರ ಅನುಸಾರವಾಗಿ 2016ರಲ್ಲಿ ಹೊಸ ಅಧಿನಿಯಮ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಇದರ ಭಾಷೆ ವಿಶಾಲವಾದುದು. ಸಾರ್ವಜನಿಕ ಸೇವೆಯೆಂಬುದರ ಅರ್ಥವಿವರಣೆಯಲ್ಲಿ ವ್ಯಾಪಾರ, ಬ್ಯಾಂಕಿಂಗ್, ವಿಮೆ, ಮಾಹಿತಿ ಮುಂತಾದುವೆಲ್ಲ ಬರುತ್ತವೆ. ಸೇವೆ ನೀಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ ನಿಯಮಗಳಂತೆ ಸುಗಮ್ಯತೆಯನ್ನು ಒದಗಿಸಬೇಕೆಂದು 46ನೆಯ ಕಲಮು ವಿಧಿಸುತ್ತದೆ. ಷಷ್ಠಿಯೋ ಸಪ್ತಮಿಯೋ ಎಂಬ ಜಿಜ್ಞಾಸೆಗೆ ಇಲ್ಲಿ ಅವಕಾಶವೇ ಇಲ್ಲ. ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಾಕ್ಟೊ ಎಂಬ, ವೈದ್ಯರ ಭೇಟಿಯನ್ನು ಗೊತ್ತುಪಡಿಸುವ ಖಾಸಗಿ ಸಂಸ್ಥೆಯ ಆ್ಯಪ್ ಅಂಧರಿಗೆ ಎಟುಕುವಂತಿರಬೇಕೆಂದು ಅಂಗವಿಕಲರ ಮುಖ್ಯ ಆಯುಕ್ತರು 2022ರಲ್ಲಿ ಆದೇಶಿಸಿದುದು ಈ ಅಧಿನಿಯಮದ ಬಲದಿಂದಲೇ.

ಆದರೆ ಪದ ವಿಶಾಲವಾದ ಮಾತ್ರಕ್ಕೆ ಫಲ ಕೈಗೂಡಲಿಲ್ಲ. ಮಾನಕಗಳನ್ನು ಹೇಳಬೇಕಾದ 2017ರ ನಿಯಮಾವಳಿಯ 15ನೆಯ ನಿಯಮವು ಬೇರೆ ಬೇರೆ ಮಾರ್ಗಸೂಚಿಗಳತ್ತ ಬೆರಳು ತೋರಿಸಿತು. ಅವುಗಳಲ್ಲಿ ಹಲವು ‘ಮಾಡಿದರೆ ಒಳ್ಳೆಯದು’ ಎಂಬ ಧಾಟಿಯವು. ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಈ ನಿಯಮವು ಮೂಲ ಅಧಿನಿಯಮದ ಆಶಯಕ್ಕೆ ವಿರುದ್ಧವೆಂದು ಸಾರಿತು. ಕಡ್ಡಾಯವಾದ ಅಂಶಗಳನ್ನು ಬೇರ್ಪಡಿಸಿ ಮೂರು ತಿಂಗಳೊಳಗಾಗಿ ನಿಗದಿಗೊಳಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ಸಲಹೆ ಬೇರೆ, ವಿಧಿ ಬೇರೆ ಎಂಬುದು ಈ ತೀರ್ಪಿನ ಸಾರ.

ಮರುವರ್ಷದ ಇನ್ನೊಂದು ತೀರ್ಪು ಮನುಷ್ಯಜೀವನಕ್ಕೆ ಇನ್ನೂ ಹತ್ತಿರವಾದುದು. ಬ್ಯಾಂಕು ಖಾತೆ ತೆರೆಯಲು, ದೂರವಾಣಿ ಸಂಪರ್ಕ ಪಡೆಯಲು ಗ್ರಾಹಕರು ಜೀವಂತ ವ್ಯಕ್ತಿಗಳೆಂದು ತೋರಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಪದ್ಧತಿ ಬಂದಿದ್ದಿತು. ಆಮ್ಲದ ದಾಳಿಯಲ್ಲಿ ಕಣ್ಣು, ರೆಪ್ಪೆಗಳನ್ನು ಕಳೆದುಕೊಂಡವರು ಇದನ್ನು ಮಾಡುವುದು ಹೇಗೆ? ಅವರ ಮತ್ತು ದೃಷ್ಟಿಹೀನರ ಅರ್ಜಿಗಳನ್ನು ಕೇಳಿದ ನ್ಯಾಯಾಲಯವು 2025ರ ಏಪ್ರಿಲ್ 30ರಂದು, ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ, ಗಣಕಜಾಲದ ಸೇವೆಗಳಿಗೆ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದ ಹೇಳುವ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ನಿರ್ಣಯಿಸಿ 20 ನಿರ್ದೇಶನಗಳನ್ನು ಕೊಟ್ಟಿತು. ಬದುಕಿರುವುದಕ್ಕೆ ಪ್ರಮಾಣ ಕೇಳುವ ಯಂತ್ರವು ಬದುಕಿ ಉಳಿದವರನ್ನೇ ಹೊರಗಿಟ್ಟಿದ್ದಿತು ಎಂಬುದನ್ನು ನಾವು ನೆನಪಿನಲ್ಲಿಡತಕ್ಕುದು.

ಕನ್ನಡಕ್ಕೇ ವಿಶಿಷ್ಟವಾದ ಮಾತೊಂದನ್ನು ಇಲ್ಲಿ ಸೇರಿಸಬಹುದು. ಯೂನಿಕೋಡ್ ಸಂಕೇತಕ್ರಮದ ಮೊದಲನೆಯ ಆವೃತ್ತಿಯಲ್ಲಿಯೇ, ಎಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನವಿದ್ದಿತು. ಆದರೂ ಬಹುಕಾಲ ನಮ್ಮ ತಾಣಗಳು ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಬರೆಯಲ್ಪಟ್ಟುವು. ಕಣ್ಣಿಗೆ ಅದು ಕನ್ನಡ. ಯಂತ್ರದೊಳಗೆ ರೋಮನ್ ಲಿಪಿಯ ಸಂಕೇತಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನು ನುಡಿದರೆ ಅರ್ಥವಿಲ್ಲದ ಶಬ್ದಗಳು ಕೇಳಿಸುತ್ತವೆ. ಕನ್ನಡವನ್ನು ನುಡಿಯಬಲ್ಲ ಉಚಿತ ತಂತ್ರಾಂಶಗಳು ಇಂದು ಲಭ್ಯವಿವೆ. ಅವುಗಳಿಗೆ ಓದಬಲ್ಲ ಕನ್ನಡವನ್ನು ಒದಗಿಸುವ ಹೊಣೆ ಬರೆಯುವವರದು.

6

ಮೇಲಿನ ವಿವರಗಳಿಂದ ಎರಡು ನಿರ್ಣಯಗಳು ಹೊರಡುತ್ತವೆ. ಕಾಯಿದೆಯ ಪದ ‘ಸ್ಥಳ’ವಾದಲ್ಲಿ ಅಂಗಡಿಯ ಬಾಗಿಲು ಎಲ್ಲಿದೆಯೆಂಬ ವಿಚಾರದಲ್ಲಿಯೇ ದಶಕಗಳು ಕಳೆದುವು, ‘ಸೇವೆ’ಯಾದಲ್ಲಿ ಆ ಪ್ರಶ್ನೆ ಏಳಲೇ ಇಲ್ಲ. ಇದು ಮೊದಲನೆಯದು. ಪದ ಸರಿಯಾಗಿದ್ದೂ ಅಳೆಯುವ ಮಟ್ಟವು ವಿಧಿರೂಪದಲ್ಲಿ ಇಲ್ಲದಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆಂಬುದಕ್ಕೆ ಭಾರತದ ಏಳು ವರ್ಷಗಳು ನಿದರ್ಶನ. ಇದು ಎರಡನೆಯದು. ವಿಶಾಲವಾದ ಪದವು ನ್ಯಾಯಾಲಯದ ಬಾಗಿಲನ್ನು ತೆರೆಯುತ್ತದೆ. ನಿಶ್ಚಿತವಾದ ಮಾನಕವು ಅಂಗಡಿಯ ಬಾಗಿಲನ್ನು ತೆರೆಯುತ್ತದೆ. ಎರಡೂ ಬೇಕು.

ಇವೆರಡೂ ಒದಗಿದರೂ ಕೆಲಸ ತಾನಾಗಿ ಆಗದು. ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ ವರ್ಷಂಪ್ರತಿ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2019ರಲ್ಲಿ ಶೇಕಡ 97.8ರಲ್ಲಿಯೂ, 2025ರಲ್ಲಿ ಶೇಕಡ 94.8ರಲ್ಲಿಯೂ ದೋಷಗಳು ಕಂಡುಬಂದುವು. ಮಂಕು ಅಕ್ಷರ, ಬದಲಿ ಬರಹವಿಲ್ಲದ ಚಿತ್ರ, ಹೆಸರಿಲ್ಲದ ಚೌಕ ಮುಂತಾದುವೇ ಇವುಗಳಲ್ಲಿ ಅಧಿಕ; ಎಂದರೆ 1999ರಲ್ಲಿಯೇ ಪರಿಹಾರ ತಿಳಿದಿದ್ದ ದೋಷಗಳು. ಒಂದು ತಂತ್ರಾಂಶವನ್ನು ಅಂಟಿಸಿದರೆ ತಾಣವೆಲ್ಲ ಸರಿಹೋಗುವುದೆಂದು ಪ್ರಚಾರ ಮಾಡಿದ ಆ್ಯಕ್ಸೆಸಿಬಿ ಎಂಬ ಸಂಸ್ಥೆಯ ಮೇಲೆ ಅಮೆರಿಕದ ವ್ಯಾಪಾರ ಆಯೋಗವು 2025ರಲ್ಲಿ 10 ಲಕ್ಷ ಡಾಲರುಗಳ ದಂಡ ಹೊರಿಸಿದುದನ್ನು ನೋಡಿದರೆ, ಸುಲಭದ ದಾರಿಯನ್ನು ಹುಡುಕುವವರೂ ಕಡಿಮೆಯಿಲ್ಲವೆಂದು ತಿಳಿಯುತ್ತದೆ.

ಕೊನೆಯದಾಗಿ ನಮ್ಮ ವೃತ್ತಿಗೆ ಸಂಬಂಧಿಸಿದ ಮಾತು. ಹಳೆಯ ಶಾಸನಸಂಪುಟಗಳನ್ನು ನಾವು ಪುಟಪುಟವಾಗಿ ಚಿತ್ರ ತೆಗೆದು ಜಾಲದಲ್ಲಿಟ್ಟು ತೃಪ್ತರಾಗುತ್ತೇವೆ; ನಮ್ಮ ಪಾಠದ ಟಿಪ್ಪಣಿಗಳನ್ನೂ ಹಾಗೆಯೇ ಹಂಚುತ್ತೇವೆ. ಬರಹದ ಚಿತ್ರವು ಸ್ಕ್ರೀನ್ ರೀಡರಿಗೆ ಬರಹವಲ್ಲ. ತರಗತಿಯ ಹಿಂದಿನ ಸಾಲಿನಲ್ಲಿ ಅಂಧ ವಿದ್ಯಾರ್ಥಿಯೊಬ್ಬನಿದ್ದರೆ ಅವನಿಗೆ ಆ ಪುಟಗಳೆಲ್ಲ ಖಾಲಿ. ವ್ಯಾಪಾರ ಸಂಸ್ಥೆಗಳ ಉಪೇಕ್ಷೆಯನ್ನು ಎಣಿಸುವ ಇತಿಹಾಸಕಾರನು ಮೊದಲು ತನ್ನ ಕೈಯಿಂದ ಹೋಗುವ ಕಾಗದಗಳನ್ನು ಸರಿಪಡಿಸಿಕೊಳ್ಳುವುದು ಯುಕ್ತವಾದುದು.